ಜರಡಿಯಲ್ಲಿ ಸಿಕ್ಕಿಬಿದ್ದ ಒಂದು ಅರ್ಜಿ

ನಮ್ಮ ವೃತ್ತಿ ಯಾವುದೆಂದು ಊರಿನ ಹಿರಿಯರು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂಬ ಉತ್ತರವೇ ಅವರಿಗೆ ಸಾಕಾಗುತ್ತಿತ್ತು. ನಮ್ಮ ಉಮ್ಮನಿಗೆ ಮಾತ್ರ ಸಾಕಾಗುತ್ತಿರಲಿಲ್ಲ. “ದಿನವಿಡೀ ಕುಳಿತು ನೀನು ಮಾಡುವುದಾದರೂ ಏನು?” ಎಂದು ಅವರು ಒಮ್ಮೆ ಕೇಳಿದಾಗ, “ಜನರಿಗೆ ಬೇಡವಾದ ಪತ್ರಗಳನ್ನು ಬಾಗಿಲಲ್ಲೇ ತಡೆಯುತ್ತೇನೆ ಉಮ್ಮ” ಎಂದಿದ್ದೆವು. “ಬೇಡವಾದದ್ದೆಂದು ಓದದೆಯೇ ನಿನಗೆ ಹೇಗೆ ಗೊತ್ತಾಗುತ್ತದೆ?” ಎಂದು ಅವರು ಮರುಪ್ರಶ್ನಿಸಿದರು. ನಾವು ನಕ್ಕು ಮಾತು ಬದಲಿಸಿದೆವು. ಆ ಪ್ರಶ್ನೆ ನಗುವಂಥದ್ದಾಗಿರಲಿಲ್ಲವೆಂದು ತಿಳಿಯಲು ಒಂದು ವರ್ಷ ಬೇಕಾಯಿತು.

ಅದು 2003ನೇ ಇಸವಿ. ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ನಾವು ಪ್ರೋಗ್ರಾಮರ್ ಆಗಿದ್ದೆವು. ಇತರ ಕಚೇರಿಗಳ ಇ-ಮೇಲ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಆ ಸಂಸ್ಥೆಯ ಕಸುಬು. ಗಿರಾಕಿಗಳೆಲ್ಲರ ದೂರು ಒಂದೇ: ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಕೆಲಸದ ಪತ್ರಗಳಿಗಿಂತ ಕಸವೇ ಹೆಚ್ಚು. ತೂಕ ಇಳಿಸುವ ಗುಳಿಗೆಗಳು, ಬಡ್ಡಿಯ ಸಾಲ, ಜೂಜು, ಕಣ್ಣೆತ್ತಿ ನೋಡಲಾಗದ ಚಿತ್ರಗಳು. ಇವುಗಳ ನಡುವೆ ಇನ್ನೊಂದು ಬಗೆಯ ಪತ್ರಗಳಿದ್ದವು. ಬರೆದವಳು ಯಾವುದೋ ದೇಶದ ಮೃತ ಮಂತ್ರಿಯ ವಿಧವೆ, ಅವಳಿಗೆ ಕ್ಯಾನ್ಸರ್, ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಹಣವಿದೆ, ಅಲ್ಲಾಹನ ಮಾರ್ಗದಲ್ಲಿ ಅದನ್ನು ವ್ಯಯಿಸಬಲ್ಲ ಒಬ್ಬ ಪ್ರಾಮಾಣಿಕ ಸಹೋದರನನ್ನು ಹುಡುಕುತ್ತಿದ್ದಾಳೆ. ನೈಜೀರಿಯಾದ ದಂಡಸಂಹಿತೆಯ 419ನೇ ಕಲಮಿನ ಹೆಸರಿನಿಂದಲೇ ಈ ಬಗೆಯ ವಂಚನೆಯನ್ನು ಜಗತ್ತು ಗುರುತಿಸುತ್ತದೆ. ಅಲ್ಲಾಹನ ಹೆಸರನ್ನು ಸುಳ್ಳಿಗೆ ಹೊದಿಕೆಯಾಗಿ ಬಳಸುವುದನ್ನು ದಿನಕ್ಕೆ ಹತ್ತಾರು ಬಾರಿ ಕಾಣುತ್ತಿದ್ದ ನಮ್ಮ ಮನಸ್ಸು ಆ ದಿನಗಳಲ್ಲಿ ತುಸು ಕಲ್ಲಾಗಿತ್ತೆಂದು ಒಪ್ಪಿಕೊಳ್ಳಬೇಕು.

ಬೇಡದ ಪತ್ರದ ಇತಿಹಾಸ ನಮಗಿಂತ ಹಳೆಯದು. 1978ರ ಮೇ ತಿಂಗಳಲ್ಲಿ ಅಮೆರಿಕದ ಒಂದು ಕಂಪ್ಯೂಟರ್ ಕಂಪೆನಿಯ ಮಾರಾಟಗಾರನೊಬ್ಬ ಆರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಅವರು ಕೇಳದಿದ್ದ ಜಾಹೀರಾತೊಂದನ್ನು ಕಳಿಸಿದ. ಅದೇ ಮೊದಲನೆಯದೆಂದು ಹೇಳುತ್ತಾರೆ. ‘ಸ್ಪ್ಯಾಮ್’ ಎಂಬ ಹೆಸರು ಬಂದದ್ದು ಡಬ್ಬಿಯಲ್ಲಿ ಮಾರುವ ಹಂದಿ ಮಾಂಸದಿಂದ. ಒಳ್ಳೆಯ ಪತ್ರಕ್ಕೆ ನಮ್ಮ ವೃತ್ತಿಯವರು ಇಟ್ಟಿರುವ ಹೆಸರು ‘ಹ್ಯಾಮ್’, ಅದೂ ಹಂದಿಯದೇ! ಎರಡೂ ನಮಗೆ ಒಲ್ಲದ ಪದಾರ್ಥಗಳಾದ್ದರಿಂದ ನಮ್ಮ ಕಂಪ್ಯೂಟರಿನಲ್ಲಿ ಆ ಎರಡು ಕಡತಗಳಿಗೆ ನಾವು ‘ತಯ್ಯಿಬ್’ ಮತ್ತು ‘ಖಬೀಸ್’ ಎಂದು ಹೆಸರಿಟ್ಟೆವು. ಅಲ್ ಮಾಇದ ಅಧ್ಯಾಯದ 100ನೇ ಸೂಕ್ತದಲ್ಲಿ ಈ ಎರಡು ಪದಗಳು ಜೊತೆಯಾಗಿ ಬರುತ್ತವೆ. ಕೆಟ್ಟದ್ದರ ಹೇರಳತೆಯು ನಿಮ್ಮನ್ನು ಬೆರಗುಗೊಳಿಸಿದರೂ ಅದು ಒಳಿತಿಗೆ ಸಮನಾಗದು ಎಂಬುದು ಅದರ ತಾತ್ಪರ್ಯ. ಖಬೀಸ್ ಕಡತ ತಿಂಗಳಲ್ಲೇ ತಯ್ಯಿಬ್‌ನ ಮೂರು ಪಟ್ಟು ಬೆಳೆದಾಗ ಆ ಸೂಕ್ತ ನೆನಪಾಗುತ್ತಿತ್ತು.

ಈ ಕೆಲಸದಲ್ಲಿ ನಮಗೆ ಧಾರ್ಮಿಕವಾದ ಒಂದು ಉತ್ಸಾಹವೂ ಇತ್ತು. ಅನ್ಯರ ಮನೆಯನ್ನು ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದೂ, ಮರಳಿ ಹೋಗಿ ಎಂದರೆ ಮರಳಿ ಹೋಗಬೇಕೆಂದೂ ಅನ್ನೂರ್ ಅಧ್ಯಾಯವು ಕಲಿಸುತ್ತದೆ. ಸ್ಪ್ಯಾಮ್ ಕಳಿಸುವವನು ಇವೆರಡನ್ನೂ ಮುರಿಯುತ್ತಾನೆ. ಅವನನ್ನು ಹೊಸ್ತಿಲಲ್ಲೇ ನಿಲ್ಲಿಸುವವರು ನಾವು ಎಂದುಕೊಂಡಿದ್ದೆವು.

ನಿಲ್ಲಿಸುವುದು ಹೇಗೆ? ಕಳಿಸಿದವನು ಯಾರೆಂದು ನೋಡಿ ತೀರ್ಮಾನಿಸೋಣವೆಂದರೆ ಆ ಹೆಸರನ್ನೇ ನಂಬುವಂತಿರಲಿಲ್ಲ. ಇ-ಮೇಲ್ ಸಾಗಿಸುವ ನಿಯಮಾವಳಿ 1982ರಲ್ಲಿ ರೂಪುಗೊಂಡಾಗ ಜಾಲದಲ್ಲಿ ಇದ್ದವರು ಪರಸ್ಪರ ಬಲ್ಲ ಸಂಶೋಧಕರು. ಕಳಿಸಿದವರ ಹೆಸರಿನ ಜಾಗದಲ್ಲಿ ಯಾರು ಏನು ಬರೆದರೂ ಅದು ಹಾಗೆಯೇ ಮುಂದೆ ಸಾಗುತ್ತಿತ್ತು. ಇಬ್ನ್ ಸೀರೀನ್ ಹೇಳಿದ ಮಾತೊಂದನ್ನು ಇಮಾಮ್ ಮುಸ್ಲಿಮ್ ತಮ್ಮ ಗ್ರಂಥದ ಪೀಠಿಕೆಯಲ್ಲಿ ಉಲ್ಲೇಖಿಸಿದ್ದಾರೆ. ಮೊದಲು ಜನರು ಸನದ್‌ನ ಬಗ್ಗೆ ವಿಚಾರಿಸುತ್ತಿರಲಿಲ್ಲ, ಫಿತ್ನ ತಲೆದೋರಿದ ಬಳಿಕವೇ ನಿನಗೆ ಯಾರು ಹೇಳಿದರೆಂದು ಕೇಳತೊಡಗಿದರು ಎಂಬುದು ಅದರ ಸಾರ. ಇ-ಮೇಲ್‌ನ ಕಥೆಯೂ ಹಾಗೆಯೇ ಆಯಿತು. ಕಳಿಸಿದವನನ್ನು ದೃಢೀಕರಿಸುವ ಪದ್ಧತಿಗಳು ನಂತರ ಬಂದವು; ನಾವು ಜರಡಿ ಹೆಣೆಯುವಾಗ ಅವು ಇನ್ನೂ ಬಳಕೆಗೆ ಬಂದಿರಲಿಲ್ಲ. ಸನದ್ ಕೈಗೆ ಸಿಗದಿದ್ದುದರಿಂದ ಪತ್ರದ ಒಡಲಿನ ಪದಗಳನ್ನೇ ನೋಡಿ ತೀರ್ಪು ಕೊಡಬೇಕಿತ್ತು.

ಅದಕ್ಕೊಂದು ವಿಧಾನವನ್ನು ಅಮೆರಿಕದ ಪ್ರೋಗ್ರಾಮರ್ ಪಾಲ್ ಗ್ರಹಾಂ 2002ರ ಆಗಸ್ಟ್‌ನಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದ್ದರು. ಅದನ್ನು ನಾವು ಒಂದು ರಾತ್ರಿ ಓದಿ, ಫಜ್ರ್‌ನ ವೇಳೆಗೆ ಅರ್ಧ ಪ್ರೋಗ್ರಾಮ್ ಬರೆದು ಮುಗಿಸಿದ್ದೆವು. ವಿಧಾನ ಸರಳವಾದುದು. ಒಳ್ಳೆಯ ಪತ್ರಗಳ ರಾಶಿಯೊಂದು, ಕೆಟ್ಟವುಗಳ ರಾಶಿಯೊಂದು. ಪ್ರತಿಯೊಂದು ಪದವೂ ಯಾವ ರಾಶಿಯಲ್ಲಿ ಎಷ್ಟು ಬಾರಿ ಬಂದಿದೆ ಎಂದು ಎಣಿಸಬೇಕು. ಕೆಟ್ಟ ರಾಶಿಯಲ್ಲಿ ಮಾತ್ರ ಕಂಡ ಪದಕ್ಕೆ 0.99, ಒಳ್ಳೆಯದರಲ್ಲಿ ಮಾತ್ರ ಕಂಡ ಪದಕ್ಕೆ 0.01, ಎಂದೂ ಕಾಣದ ಪದಕ್ಕೆ 0.4. ಹೊಸ ಪತ್ರ ಬಂದಾಗ ನಡುವಿನ 0.5ರಿಂದ ಅತ್ಯಂತ ದೂರವಿರುವ 15 ಪದಗಳನ್ನು ಆರಿಸಿ, 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸ್ ಎಂಬ ಪಾದ್ರಿಯ ಸಂಭವನೀಯತೆಯ ಸೂತ್ರದಿಂದ ಅವುಗಳನ್ನು ಕೂಡಿಸಬೇಕು. ಮೊತ್ತ 0.9 ದಾಟಿದರೆ ಪತ್ರ ಕಸ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಕಿಂದಿ ಗುಪ್ತಲಿಪಿಗಳನ್ನು ಬಿಡಿಸಲು ಅಕ್ಷರಗಳ ಆವರ್ತನೆಯನ್ನು ಎಣಿಸುವ ಉಪಾಯ ಬರೆದಿಟ್ಟಿದ್ದರು. ಎಣಿಕೆಯಿಂದ ಗುಟ್ಟು ಹೊರಬೀಳುತ್ತದೆಂಬ ಆ ಅರಿವು ನಮ್ಮ ಮನೆಯದೇ ಎಂದು ಗೆಳೆಯರಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು.

ಗ್ರಹಾಂ ಅವರ ಲೆಕ್ಕದಲ್ಲಿ ನಮ್ಮ ಮನಸ್ಸನ್ನು ಗೆದ್ದ ಒಂದು ಅಂಶವಿತ್ತು. ಒಳ್ಳೆಯ ರಾಶಿಯಲ್ಲಿ ಪದವೊಂದು ಎಷ್ಟು ಬಾರಿ ಬಂದಿದೆಯೋ ಅದನ್ನು ಅವರು ಎರಡರಿಂದ ಗುಣಿಸುತ್ತಿದ್ದರು. ನಿರ್ದೋಷಿ ಪತ್ರವೊಂದು ಕಸದ ಪಾಲಾಗುವುದು, ಕಸವೊಂದು ಒಳನುಗ್ಗುವುದಕ್ಕಿಂತ ಬಹಳ ಕೆಟ್ಟದ್ದು ಎಂಬ ಕಾರಣಕ್ಕೆ ಪತ್ರದ ಪರವಾಗಿ ತಕ್ಕಡಿಯನ್ನು ಬೇಕೆಂದೇ ವಾಲಿಸಿದ್ದರು. ಸಂಶಯವಿದ್ದಲ್ಲಿ ಶಿಕ್ಷೆ ವಿಧಿಸಬಾರದೆಂದು ನಮ್ಮ ಫುಖಹಾಗಳು ಹೇಳುವುದು ಇದನ್ನೇ ಅಲ್ಲವೇ? ಹುಸ್ನುಝ್ಝನ್ ಎಂಬ ಸದ್ಗುಣವನ್ನು ಒಂದು ಗುಣಕವಾಗಿ ಬರೆದಿಡಬಹುದೆಂದು ಕಂಡು ನಾವು ಹಿಗ್ಗಿದೆವು.

ಒಳ್ಳೆಯ ರಾಶಿಗೆ ಪತ್ರಗಳನ್ನು ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಗಿರಾಕಿಗಳ ಪತ್ರಗಳೆಲ್ಲ ನಮ್ಮ ಸರ್ವರ್‌ನಲ್ಲೇ ಇದ್ದವು, ಕೈಚಾಚಿದರೆ ಸಿಗುತ್ತಿದ್ದವು. ಆದರೆ ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತವು ಗುಮಾನಿಯ ಜೊತೆಗೆ ಇತರರ ಗುಟ್ಟುಗಳನ್ನು ಕೆದಕುವುದನ್ನೂ ನಿಷೇಧಿಸಿದೆ. ಇತರರ ಪತ್ರಗಳನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿ ನಮ್ಮ ಸ್ವಂತ ಪತ್ರಗಳನ್ನೂ, ಒಪ್ಪಿಗೆ ಕೊಟ್ಟ ನಾಲ್ವರು ಸಹೋದ್ಯೋಗಿಗಳ ಪತ್ರಗಳನ್ನೂ ಬಳಸಿದೆವು. ಆ ನಿರ್ಧಾರವನ್ನು ಇಂದಿಗೂ ಸರಿಯೆಂದೇ ನಂಬುತ್ತೇವೆ. ಅದರ ಬೆಲೆ ಏನೆಂಬುದು ಮಾತ್ರ ಅಂದು ಹೊಳೆಯಲಿಲ್ಲ.

ಜರಡಿ ಚೆನ್ನಾಗಿ ಕೆಲಸ ಮಾಡಿತು. ಬಡ ವಿದ್ಯಾರ್ಥಿಗಳ ಶುಲ್ಕ ಭರಿಸುವ ಒಂದು ಸಹಾಯನಿಧಿಯ ಕಾರ್ಯದರ್ಶಿ ನಮಗೆ ಪರಿಚಿತರು. ಅರ್ಜಿಗಳನ್ನು ಅಂಚೆಯ ಜೊತೆಗೆ ಇ-ಮೇಲ್ ಮೂಲಕವೂ ಸ್ವೀಕರಿಸಿ ಎಂದು ಅವರನ್ನು ಒಪ್ಪಿಸಿದವರು ನಾವೇ. ಅವರ ಪೆಟ್ಟಿಗೆಯೂ ಮಂತ್ರಿಗಳ ವಿಧವೆಯರಿಂದ ತುಂಬಿಹೋದಾಗ, ಸದಕಾದ ನಿಯ್ಯತ್ತಿನಿಂದ ನಮ್ಮ ಜರಡಿಯನ್ನು ಅಲ್ಲಿಯೂ ಕೂರಿಸಿಕೊಟ್ಟೆವು. ಡಿಸ್ಕ್‌ನಲ್ಲಿ ಜಾಗ ಕಡಿಮೆಯಿದ್ದುದರಿಂದ ತಡೆಹಿಡಿದ ಪತ್ರಗಳು 15 ದಿನಗಳಲ್ಲಿ ತಾವಾಗಿ ಅಳಿಸಿಹೋಗುವಂತೆ ಮಾಡಿದೆವು. “ಈಗ ಪೆಟ್ಟಿಗೆ ತೆರೆಯಲು ನೆಮ್ಮದಿ” ಎಂದು ಕಾರ್ಯದರ್ಶಿಯವರು ದುಆ ಮಾಡಿದರು.

2004ರ ಮಳೆಗಾಲ ಮುಗಿಯುತ್ತಿದ್ದಾಗ ಆ ಕಚೇರಿಗೆ ಹಾವೇರಿ ಕಡೆಯಿಂದ ಒಂದು ಅಂಚೆ ಕಾರ್ಡು ಬಂತು. ಬರೆಸಿದವರು ಒಬ್ಬ ತಾಯಿ. ಮಗನ ಡಿಪ್ಲೊಮಾದ ಎರಡನೇ ವರ್ಷದ ಶುಲ್ಕಕ್ಕಾಗಿ ಕಂಪ್ಯೂಟರಿನಲ್ಲಿ ಅರ್ಜಿ ಕಳಿಸಿ ಎರಡು ತಿಂಗಳಾಯಿತು, ಉತ್ತರವಿಲ್ಲ, ಕೊನೆಯ ದಿನ ದಾಟಿಹೋಯಿತು. ಹಣಕ್ಕಾಗಿ ಈ ಕಾರ್ಡು ಬರೆಯುತ್ತಿಲ್ಲ. ನಾವು ಬರೆದದ್ದರಲ್ಲಿ ಸುಳ್ಳೇನಾದರೂ ಕಂಡಿತೇ ಎಂಬುದಷ್ಟೇ ತಿಳಿಯಬೇಕಿತ್ತು. ಇಷ್ಟೇ ವಿಷಯ. ಕಾರ್ಯದರ್ಶಿಯವರು ಕಾರ್ಡನ್ನು ನಮ್ಮ ಮುಂದಿಟ್ಟು, “ಇಂಥ ಅರ್ಜಿ ನಮಗೆ ಬಂದೇ ಇಲ್ಲವಲ್ಲ ಭಾಯಿ” ಎಂದರು.

ಸರ್ವರ್‌ನ ದಾಖಲೆಯಲ್ಲಿ ಪತ್ರಗಳ ಒಡಲು ಇರುವುದಿಲ್ಲ; ದಿನಾಂಕ, ಕಳಿಸಿದ ವಿಳಾಸ ಮತ್ತು ಜರಡಿ ಕೊಟ್ಟ ಅಂಕ ಮಾತ್ರ ಇರುತ್ತವೆ. ಆ ಸಾಲು ಅಲ್ಲಿತ್ತು. ಅಂಕ 0.998.

ಕಾರ್ಡಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಫೋನ್ ಸಂಖ್ಯೆ ಇತ್ತು. ಹುಡುಗ ಅಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದ. ನಾವು ಯಾರೆಂದು ಹೇಳಿ, ತಪ್ಪು ಸಹಾಯನಿಧಿಯದಲ್ಲ ನಮ್ಮದು ಎಂದು ವಿವರಿಸಲು ಹೊರಟೆವು. ಅವನಿಗೆ ಜರಡಿ, ಸರ್ವರ್ ಯಾವುದೂ ಬೇಕಾಗಿರಲಿಲ್ಲ. “ಹಂಗಾರ ನಮ್ಮ ಪತ್ರ ಯಾರೂ ಓದೇ ಇಲ್ಲೇನ್ರಿ ಸರ್?” ಎಂದು ಕೇಳಿದ. ಓದಿಲ್ಲ ಎಂದೆವು. “ಅಷ್ಟಾದ್ರ ಛಲೋ ಆತು ಬಿಡ್ರಿ. ಓದಿ, ಸುಳ್ಳು ಅಂತ ಒಗದಾರ ಅಂತ ಅಮ್ಮಿ ಎರಡು ತಿಂಗಳಿಂದ ಒಂದs ಸಮ ಹಲುಬಾಕತ್ತಾರ” ಎಂದ. ಫೋನ್ ಹಿಡಿದ ನಮ್ಮ ಕೈ ಬೆವರಿತ್ತು. ಓದಿಲ್ಲವೆಂಬುದು ನಿಜ, ಆದರೆ ಸುಳ್ಳೆಂದು ಎಸೆದದ್ದೂ ನಿಜವೇ ಆಗಿತ್ತು.

ಪತ್ರದ ಪ್ರತಿ ಅವನ ಖಾತೆಯಲ್ಲಿ ಉಳಿದಿತ್ತು. ಅದನ್ನು ಮತ್ತೊಮ್ಮೆ ಕಳಿಸಲು ಹೇಳಿದೆವು. ಸಂಜೆ ಸೈಬರ್ ಕೆಫೆಗೆ ಹೋಗಿ ಕಳಿಸಿದ. ಅದು ಮತ್ತೆ ಅದೇ ಕಸದ ಕಡತಕ್ಕೇ ಹೋಯಿತು. ಈ ಸಲ ಅಲ್ಲಿ ನಾವು ಕಾದು ಕುಳಿತಿದ್ದೆವು.

ಇಡೀ ಪತ್ರ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿತ್ತು. ಕೆಫೆಯವನು ಬೆರಳಚ್ಚಿಸಿ ಕೊಟ್ಟದ್ದು. ಸಲಾಮ್, ಗೌರವಪೂರ್ವಕ ಸಂಬೋಧನೆ, ತಂದೆಯ ಮರಣ, ವಿಧವೆ ತಾಯಿ, ತುರ್ತು, ಸಹಾಯ, ಹಣ, ಅಲ್ಲಾಹನು ನಿಮಗೆ ಪ್ರತಿಫಲ ನೀಡಲಿ. ತೀರ್ಪಿಗೆ ಕಾರಣವಾದ 15 ಪದಗಳ ಪಟ್ಟಿಯನ್ನು ತೆಗೆದು ನೋಡಿದಾಗ ಮಂತ್ರಿಯ ವಿಧವೆಯ ಪದಗಳೂ ಈ ತಾಯಿಯ ಪದಗಳೂ ಒಂದೇ ಆಗಿದ್ದವು. ಇನ್ನೊಂದನ್ನು ಗಮನಿಸಿದೆವು. ಆ ಪತ್ರದಲ್ಲಿ ಅವರದೇ ಎನ್ನಬಹುದಾದ ಪದಗಳೂ ಇದ್ದವು: ಊರಿನ ಹೆಸರು, ಕಾಲೇಜಿನ ಹೆಸರು, ಮಗನ ಹೆಸರು, ತಾಯಿ ಬೀಡಿ ಸುತ್ತುತ್ತಾರೆ ಎಂಬ ಮಾತು. ಇವು ಯಾವುವನ್ನೂ ಜರಡಿ ಹಿಂದೆ ಕಂಡಿರಲಿಲ್ಲ. ಆದ್ದರಿಂದ ತಲಾ 0.4, 0.5ಕ್ಕೆ ತೀರಾ ಹತ್ತಿರ. ಹದಿನೈದರ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಇತರರನ್ನು ಹೋಲುವ ಮಾತುಗಳು ಸಾಕ್ಷಿ ಹೇಳಿದವು, ಅವರ ಸ್ವಂತ ಮಾತುಗಳನ್ನು ಕರೆಯಲೇ ಇಲ್ಲ.

ಎರಡರ ಗುಣಕ ಏನಾಯಿತು? ಅದು ತನ್ನ ಜಾಗದಲ್ಲೇ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಆದರೆ ನಮ್ಮ ಮತ್ತು ನಾಲ್ವರು ಸಹೋದ್ಯೋಗಿಗಳ ವರ್ಷಗಳ ಪತ್ರವ್ಯವಹಾರದಲ್ಲಿ ಯಾರೂ ಒಂದು ಬಾರಿಯೂ ನಮ್ಮಲ್ಲಿ ಶುಲ್ಕಕ್ಕೆ ಹಣ ಕೇಳಿರಲಿಲ್ಲ. ವಿಧವೆ ಎಂಬ ಪದ ಒಳ್ಳೆಯ ರಾಶಿಯಲ್ಲಿ ಸೊನ್ನೆ ಸಲ. ಸೊನ್ನೆಯನ್ನು ಎರಡರಿಂದ ಗುಣಿಸಿದರೂ ಸೊನ್ನೆ, ಹತ್ತರಿಂದ ಗುಣಿಸಿದರೂ ಸೊನ್ನೆ. ಬಡವರ ಪತ್ರವನ್ನೇ ಕಂಡಿರದ ಜರಡಿಯಲ್ಲಿ ಅವರ ಬಗ್ಗೆ ಸದ್ಭಾವನೆಯನ್ನು ತುಂಬಿದ್ದೇವೆಂದು ನಾವು ಹಿಗ್ಗಿದ್ದೆವು. ಹದೀಸ್ ವಿದ್ವಾಂಸರು ಅಪರಿಚಿತ ವರದಿಗಾರನನ್ನು ಮಜ್‌ಹೂಲ್ ಎಂದು ಕರೆದರು, ಸುಳ್ಳುಗಾರನನ್ನು ಕಝ್ಝಾಬ್ ಎಂದು. ಮಜ್‌ಹೂಲ್‌ನ ಮಾತನ್ನು ಅವರು ಒಪ್ಪದೆ ಇರಬಹುದು. ಅವನನ್ನು ಕಝ್ಝಾಬ್‌ಗಳ ಪಟ್ಟಿಗೆ ಮಾತ್ರ ಸೇರಿಸಲಿಲ್ಲ. ಸಾವಿರ ವರ್ಷಗಳ ಹಿಂದೆ ನಮ್ಮವರು ಕಾಯ್ದುಕೊಂಡ ಈ ವ್ಯತ್ಯಾಸಕ್ಕೆ ನಮ್ಮ ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಜಾಗವನ್ನೂ ನಾವು ಇಟ್ಟಿರಲಿಲ್ಲ.

ಸರಿಪಡಿಸುವ ದಾರಿ ಒಂದೇ ಇತ್ತು. ಒಳ್ಳೆಯ ರಾಶಿಗೆ ಬಡವರ ಪತ್ರಗಳು ಸೇರಬೇಕು. ಸಹಾಯನಿಧಿಯ ಕಪಾಟಿನಲ್ಲಿ ಹಿಂದಿನ ವರ್ಷಗಳಲ್ಲಿ ಅಂಚೆಯಲ್ಲಿ ಬಂದು ಮಂಜೂರಾದ ಅರ್ಜಿಗಳಿದ್ದವು. ಕಾರ್ಯದರ್ಶಿಯವರು ಸಮಿತಿಯ ಅನುಮತಿ ಪಡೆದು, ಹೆಸರು ವಿಳಾಸಗಳನ್ನು ಮುಚ್ಚಿ ನಕಲು ತೆಗೆಸಿಕೊಟ್ಟರು. ಆ ರಮಝಾನ್‌ನಲ್ಲಿ ತರಾವೀಹ್ ಮುಗಿಸಿ ಬಂದು ಸಹ್ರಿಯ ತನಕ ನಾವು ಅವುಗಳನ್ನು ಬೆರಳಚ್ಚಿಸಿದೆವು. ಸುಮಾರು ಇನ್ನೂರು ಪತ್ರಗಳು. ಕೆಲವು ಉರ್ದುವಿನಲ್ಲಿ, ಹೆಚ್ಚಿನವು ಕನ್ನಡದಲ್ಲಿ. ಇ-ಮೇಲ್‌ನಲ್ಲಿ ಬರುವ ಮಾತಿಗೆ ಹೊಂದುವಂತೆ ನಾವೇ ಇಂಗ್ಲಿಷಿಗೆ ತಿರುಗಿಸಬೇಕಿತ್ತು.

ಆ ರಾತ್ರಿಗಳ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ನಿಜವಾದ ಬಡವನ ಪತ್ರ ವಂಚಕನ ಪತ್ರದಂತಿರುವುದಿಲ್ಲವೆಂದು ನಾವು ಭಾವಿಸಿದ್ದೆವು. ಮೊದಲ ನಾಲ್ಕು ಸಾಲು ಅದರಂತೆಯೇ ಇರುತ್ತದೆ, ಏಕೆಂದರೆ ಬೇಡುವ ಭಾಷೆ ಒಂದೇ. ವಂಚಕನು ಕದ್ದದ್ದು ಅದನ್ನೇ. ಐದನೇ ಸಾಲಿನಿಂದ ದಾರಿ ಬೇರೆಯಾಗುತ್ತದೆ. ಒಬ್ಬರು ಬಸ್ ಪಾಸಿನ ಬೆಲೆಯನ್ನು ಕಳೆದು ಬೇಕಾದ ಮೊತ್ತವನ್ನು ರೂಪಾಯಿ ಪೈಸೆಗಳಲ್ಲಿ ಬರೆದಿದ್ದರು. ಇನ್ನೊಬ್ಬರು, ಕಳೆದ ವರ್ಷ ಕೊಟ್ಟದ್ದರಲ್ಲಿ 40 ರೂಪಾಯಿ ಉಳಿದಿದೆ, ಅದನ್ನು ಈ ಸಲದ್ದರಲ್ಲಿ ಮುರಿದುಕೊಳ್ಳಿ ಎಂದಿದ್ದರು. ಮಗಳಿಗೆ ಕೊಡಿ, ಮಗನಿಗೆ ಹೇಗೋ ನಡೆಯುತ್ತದೆ ಎಂದು ಬರೆದ ಒಬ್ಬ ತಂದೆ ಇದ್ದರು. ಕೇಳಲು ನಾಚಿಕೆಯಾಗುತ್ತದೆ ಎಂಬ ಮಾತು ಬಾರಿ ಬಾರಿಗೂ ಬರುತ್ತಿತ್ತು. ಬೇಡಲು ಸಂಕೋಚಪಡುವ ಇಂಥವರನ್ನು ಅರಿಯದವರು ಅನುಕೂಲಸ್ಥರೆಂದು ಭಾವಿಸುತ್ತಾರೆಂದು ಅಲ್ ಬಕರ ಅಧ್ಯಾಯದ 273ನೇ ಸೂಕ್ತದಲ್ಲಿ ಓದಿದ್ದೆವು. ಅವರನ್ನು ಅವರ ಲಕ್ಷಣಗಳಿಂದ ಗುರುತಿಸಬಹುದೆಂದೂ ಅಲ್ಲಿದೆ. ನಾವು ಲಕ್ಷಣಗಳನ್ನು ಎಣಿಸುವುದನ್ನೇ ವೃತ್ತಿ ಮಾಡಿಕೊಂಡವರು.

ಬೆರಳಚ್ಚು ಮುಗಿದ ಮೇಲೆ ಹುಡುಗನ ಪತ್ರವನ್ನು ಮತ್ತೆ ಜರಡಿಗೆ ಹಾಕಿದೆವು. ಈ ಸಲ ಅದು ದಾಟಿಹೋಯಿತು. ಕೆಲವು ವಂಚಕರ ಪತ್ರಗಳೂ ಅದರ ಜೊತೆಗೆ ದಾಟಿದವು. ಕಾರ್ಯದರ್ಶಿಯವರು ಅವುಗಳನ್ನು ಕೈಯಿಂದಲೇ ತೆಗೆದುಹಾಕುತ್ತೇನೆಂದರು. ತಡೆಹಿಡಿದ ಪತ್ರಗಳ ಕಡತವನ್ನು ವಾರಕ್ಕೊಮ್ಮೆ ಮನುಷ್ಯರೊಬ್ಬರು ನೋಡದೆ ಅಳಿಸಬಾರದೆಂದು ನಿಯಮ ಮಾಡಿದೆವು. ಮುಂದಿನ ವರ್ಷ ಸಹಾಯನಿಧಿ ಹುಡುಗನ ಶುಲ್ಕ ಕಟ್ಟಿತು. ಅವನ ಜೊತೆಗಾರರು ಒಂದು ತರಗತಿ ಮುಂದೆ ಹೋಗಿದ್ದರು. ಕ್ಷಮೆ ಕೇಳಲು ಅವರ ಮನೆಗೆ ಹೋದಾಗ ಅವನ ತಾಯಿ ಪರದೆಯ ಆಚೆಯಿಂದ, “ಕ್ಷಮಿಸಿದ್ದೇನೆ, ಚಹಾ ಕುಡಿಯದೆ ಹೋಗಬೇಡಿ” ಎಂದರು.

ಅಲ್ಲಾಹನ ಹಕ್ಕಿನಲ್ಲಾದ ಲೋಪಕ್ಕೆ ತೌಬಾ ಇದೆ. ದಾಸರ ಹಕ್ಕಿನಲ್ಲಾದುದನ್ನು ಆ ದಾಸರಿಂದಲೇ ಮನ್ನಿಸಿಕೊಳ್ಳಬೇಕೆಂದು ನಾವು ಮದ್ರಸಾದಲ್ಲಿ ಕಲಿತಿದ್ದೇವೆ. ಈ ತಾಯಿ ಅಂಚೆ ಕಾರ್ಡು ಬರೆದಿದ್ದರಿಂದ ಅವರು ಯಾರೆಂದು ತಿಳಿಯಿತು. ಕಾರ್ಡು ಬರೆಯದೆ ಸುಮ್ಮನಾದವರು? ಅವರ ಪತ್ರಗಳನ್ನು ಹದಿನೈದು ದಿನಕ್ಕೊಮ್ಮೆ ನಾವೇ ಅಳಿಸಿದ್ದೆವು.

ದಾಖಲೆಯ ಸಾಲುಗಳನ್ನು ಹೊರತೆಗೆದು, ಭಾರತದಿಂದ ಬಂದಂತೆ ತೋರಿದ ಖಾಸಗಿ ವಿಳಾಸಗಳನ್ನು ಬೇರ್ಪಡಿಸಿದೆವು. 37 ಉಳಿದವು. ಅವುಗಳಿಗೆ ಒಂದು ಪತ್ರ ಬರೆದೆವು: ಸಲಾಮ್, ತಾವು ಇಂಥ ಅವಧಿಯಲ್ಲಿ ಸಹಾಯ ಕೋರಿ ಬರೆದಿದ್ದಿರೇ, ಹಾಗಿದ್ದರೆ ಅದು ನಮ್ಮ ತಪ್ಪಿನಿಂದ ತಲುಪಲಿಲ್ಲ, ದಯವಿಟ್ಟು ತುರ್ತಾಗಿ ಉತ್ತರಿಸಿ. ಕಳಿಸುವ ಮುನ್ನ ಏನೋ ತೋಚಿ ಆ ಪತ್ರವನ್ನೇ ನಮ್ಮ ಹಳೆಯ ಜರಡಿಗೆ ಹಾಕಿ ನೋಡಿದೆವು. 0.97 ಬಂತು. ಅಪರಿಚಿತರಿಂದ ಬಂದ, ಹಣದ ಮಾತಾಡುವ, ತುರ್ತು ಎನ್ನುವ ಪತ್ರವಲ್ಲವೇ. ‘ತುರ್ತು’ ತೆಗೆದೆವು, ಸಹಾಯನಿಧಿಯ ಅಂಚೆ ವಿಳಾಸವನ್ನೂ ಫೋನ್ ಸಂಖ್ಯೆಯನ್ನೂ ಸೇರಿಸಿದೆವು, ಉಮ್ಮನಿಗೆ ಓದಿಹೇಳಿದೆವು. “ಇದು ಸುಳ್ಳಿನಂತೆ ಕೇಳುವುದಿಲ್ಲ” ಎಂದು ಅವರು ಹೇಳಿದ ಮೇಲೆ ಒಂದೊಂದಾಗಿ ಕಳಿಸಿದೆವು.

ಹದಿನೆಂಟು ಪತ್ರಗಳು ವಿಳಾಸ ಇಲ್ಲವೆಂದು ಮರಳಿ ಬಂದವು. ಮೂವರು ಉತ್ತರಿಸಿದರು. ಒಬ್ಬರು ತಾವು ಎಂದೂ ಸಹಾಯ ಕೇಳಿಲ್ಲವೆಂದು ಸಿಟ್ಟಿನಿಂದ ಬರೆದರು. ಇಬ್ಬರು ಕೇಳಿದ್ದರು; ಒಬ್ಬರಿಗೆ ಶುಲ್ಕ ಸಂದಿತು, ಇನ್ನೊಬ್ಬರು ಮಗಳ ಮದುವೆ ಮಾಡಿಬಿಟ್ಟೆವು, ಈಗ ಬೇಡ ಎಂದರು. ಉಳಿದ 16 ವಿಳಾಸಗಳಿಂದ ಏನೂ ಬರಲಿಲ್ಲ. ಆ ಪಟ್ಟಿಯ ಕಾಗದ ನಮ್ಮ ಮುಸ್‌ಹಫ್ ಇಡುವ ಕಪಾಟಿನಲ್ಲಿ ಇಂದಿಗೂ ಇದೆ.